ಭಾವನ ತೋಪು

ಮಾರ್ಚ್ ೩, ಬೆಳಗ್ಗೆ ೬

ಕೆರೆಯ ದಡ. ಭಾವನ ದಂಡು ಬೀಡುಬಿಟ್ಟಾಯಿತು — ಟ್ರೈಪಾಡ್, ಮಡಚುವ ಸ್ಟೂಲ್, ಎರಡು ಬ್ಯಾಗು, ಮತ್ತು ತೋಳುದ್ದದ ಹೊಸ ಲೆನ್ಸ್. ನಾನಿಟ್ಟ ಹೆಸರು ತೋಪು. ರಾತ್ರಿ ಅದಕ್ಕೆ ಹೊದಿಸಿ ಮಲಗಿಸುತ್ತಾರೆಂದು ಅಕ್ಕನ ದೂರು. ನನ್ನದು ಹಳೆಯ ಕ್ಯಾಮೆರಾ, ಅದಕ್ಕೊಂದೇ ಪುಟ್ಟ ಲೆನ್ಸ್. ಝೂಮ್ ಇಲ್ಲ. ಹತ್ತಿರ ಹೋಗಬೇಕಾದರೆ ಕಾಲಿದೆ.

"ಫೋಟೊ ತೆಗೆಯೋದು ಕಣ್ಣು, ಭಾವ. ಡಬ್ಬ ಅಲ್ಲ," ಎಂದು ಅಪ್ಪಣೆ ಕೊಡಿಸಿದೆ.

"ಹಾಗಾದ್ರೆ ನಾಳೆಯಿಂದ ಡಬ್ಬ ಮನೇಲಿಟ್ಟು ಬರೀ ಕಣ್ಣು ತಗೊಂಡು ಬಾ."

ಒರೆಸಿದ ಲೆನ್ಸನ್ನೇ ಮತ್ತೆ ಒರೆಸಿದೆ. ಚಳಿಗೆ ಮಂಜು ಕೂತಿರಬೇಕು.

ಮಾರ್ಚ್ ೫

ನಮ್ಮ ಫೋಟೊ ಕ್ಲಬ್ಬಿನ ಕಾರ್ಯದರ್ಶಿಯ ಫೋನ್. ಪ್ರದರ್ಶನದ ವಿಷಯ 'ನಮ್ಮ ಕೆರೆ'. ಗೋಡೆಯಲ್ಲಿ ಇನ್ನೊಂದೇ ಜಾಗ. ನನ್ನದೋ ಭಾವನದೋ, ನಾವೇ ತೀರ್ಮಾನಿಸಬೇಕಂತೆ. ಪ್ರತಿವರ್ಷ ಆ ಗೋಡೆಯೆದುರು ಬರೀ ಬಿಸ್ಕತ್ತು ತಿಂದು ಬಂದವಳು ನಾನು. ಈ ಸಲ ಗೋಡೆ ನನ್ನದು.

ಅಕ್ಕ: "ಯಾರು ಗೆದ್ರೂ ನನ್ನ ಮನೇಲಿ ಮುಖ ಊದಿಸ್ಕೊಂಡು ಕೂರೋ ಹಾಗಿಲ್ಲ."

ಮಾರ್ಚ್ ೯

ಮಿಂಚುಳ್ಳಿ ಬಂತು! ನಾವಿದ್ದದ್ದು ಕೆರೆಯೊಳಕ್ಕೆ ಚಾಚಿದ ಮಣ್ಣಿನ ದಿಬ್ಬದ ಮೇಲೆ — ಮುಂದೂ ನೀರು, ಹಿಂದೂ ನೀರು. ಹಕ್ಕಿ ಕೂತದ್ದು ಭಾವನ ಎದುರಿನ ಗೂಟದ ಮೇಲೆ. ತೀರಾ ಎದುರು. ತೋಪು ಗುರ್ ಗುರ್ ಎಂದಿತು. ಫೋಕಸ್ ಸಿಗದು.

"ಹತ್ರ ಜಾಸ್ತಿ ಆಯ್ತು ಕಣೇ! ಇದಕ್ಕೆ ನಾಲ್ಕು ಮೀಟರ್ ಬೇಕು!"

ತೋಪನ್ನು ಎತ್ತಿಕೊಂಡು, ಹಕ್ಕಿಗೆ ಬೆನ್ನು ತೋರದೆ, ದರ್ಬಾರಿನಿಂದ ಸರಿಯುವ ಮಂತ್ರಿಯಂತೆ ಒಂದೊಂದೇ ಹೆಜ್ಜೆ ಹಿಂದಕ್ಕೆ. ಮೊಣಕಾಲು ಮುಳುಗಿತು. ಸೊಂಟ. ಕಾಲು ಜಾರಿ — ಎದೆಮಟ್ಟ. ತೋಪು ಮಾತ್ರ ತಲೆಯ ಮೇಲೆ, ಸುರಕ್ಷಿತ. ಹಕ್ಕಿ ಕತ್ತು ವಾರೆ ಮಾಡಿ ನೋಡುತ್ತಿತ್ತು.

"ಏನ್ ನೋಡ್ತಾ ನಿಂತಿದೀಯ, ಬಂದು ಎಳಿಯೇ!"

ಮೊದಲು ಕ್ಲಿಕ್. ಆಮೇಲೆ ಎಳೆದೆ.

ಮಾರ್ಚ್ ೧೩

ಭಾವ ಮಾತು ಬಿಟ್ಟಿದ್ದಾರೆ. ಪ್ರಿಂಟ್ ಬಂತು. ಬೂದು ಮುಂಜಾವು, ಉದ್ದಕ್ಕೂ ಕೆರೆ, ಗೂಟದ ಮೇಲೆ ಹಕ್ಕಿ, ಅದರೆದುರು ತೋಪು ಹೊತ್ತು ಶರಣಾದ ಮನುಷ್ಯ. ಇಷ್ಟು ಒಳ್ಳೆಯ ಚಿತ್ರ ನಾನು ತೆಗೆದದ್ದೇ ಇಲ್ಲ. ಬೇರೆ ಯಾರೂ ತೆಗೆದಿಲ್ಲ ಎಂದೂ ಬರೆಯಬಹುದು, ವಿನಯ ಅಡ್ಡ ಬರುತ್ತದೆ.

ಅಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ: "ಅವರು ಹೂಂ ಅನ್ನದೆ ಇದು ಗೋಡೆ ಹತ್ತಿದ್ರೆ, ನೀನು ನಮ್ಮನೆ ಮೆಟ್ಟಿಲು ಹತ್ತಬೇಡ."

ನಾಳೆ ಸಂಜೆಯೇ ಪ್ರದರ್ಶನ; ಚಿತ್ರ ಕೊಡಲು ಬೆಳಗ್ಗೆಯೇ ಕೊನೆ.

ಮಾರ್ಚ್ ೧೪, ಬೆಳಗ್ಗೆ

ಭಾವನ ಮುಂದಿಟ್ಟೆ. ಕನ್ನಡಕ ಏರಿಸಿದರು. ಎದ್ದು ಹೋಗಿ ತಮ್ಮ ಪ್ರಿಂಟ್ ತಂದು ಪಕ್ಕದಲ್ಲಿಟ್ಟರು — ಹೋದ ತಿಂಗಳ ಮಿಂಚುಳ್ಳಿ, ಪುಕ್ಕದ ಎಳೆ ಎಳೆಯೂ ಸ್ಪಷ್ಟ. ಎರಡನ್ನೂ ನೋಡಿದರು.

"ನಂದ್ರಲ್ಲಿ ಹಕ್ಕಿ ಇದೆ. ಕೆರೆನೇ ಇಲ್ವಲ್ಲೇ."

ತಮ್ಮ ಪ್ರಿಂಟನ್ನು ಬದಿಗೆ ಸರಿಸಿದರು.

"ಹೂಂ, ಹಾಕು. ಹೊಟ್ಟೆ ಕಾಣ್ತಿಲ್ಲ ತಾನೆ?"

"ಇಲ್ಲ ಭಾವ. ಕೆರೆ ಮಾನ ಕಾಪಾಡಿದೆ."

ನಕ್ಕರು. ಅಬ್ಬ.

ಸಂಜೆ

ಚಿತ್ರ ಗೋಡೆ ಏರಿತು! ಭಾವ ಪಕ್ಕದಲ್ಲೇ ನಿಂತು ಬಂದವರಿಗೆಲ್ಲ, "ನೀರಲ್ಲಿರೋದು ನಾನೇ. ಲೆನ್ಸಿಗೆ ಒಂದು ಹನಿ ತಾಗಿಲ್ಲ ನೋಡಿ." ಅವರ ಕೈ ಕುಲುಕಿದವರೇ ಹೆಚ್ಚು. ಕೊನೆಗೆ ನನ್ನ ಕಿವಿಯಲ್ಲಿ ಮೆಲ್ಲಗೆ: "ಆ ನಿನ್ನ ಡಬ್ಬ ಒಂದು ಭಾನುವಾರ ಕೊಡ್ತೀಯಾ?"

ಕೊಡುತ್ತೇನೆ. ಬದಲಿಗೆ ಅಂದು ತೋಪು ನನ್ನ ಬಳಿ. ಆಸೆಯಿಂದಲ್ಲ. ತತ್ತ್ವ ತತ್ತ್ವವೇ. ಆದರೆ ಆಚೆ ದಡದ ಒಣಮರದಲ್ಲಿ ಕೊಕ್ಕರೆಯ ಗೂಡೊಂದಿದೆ, ಮರಿಗಳು ಬಾಯಿ ತೆರೆಯುವ ಆ ಗಳಿಗೆ ಬರೀ ಕಣ್ಣಿಗೆ ಹೇಗೆ ತಾನೆ —