ಯಮನ ದಿಕ್ಕಿನ ಮನೆ

ರೀ,

ರಾತ್ರಿ ತಂಬಿಗೆ ಉರುಳಿದ್ದು ಬೆಕ್ಕಿನಿಂದಲ್ಲ, ಅತ್ತೆ ಎಡವಿದ್ದರು. ಪೊರೆ ಬಂದ ಆ ಕಣ್ಣಿಗೆ ಇನ್ನು ತಡಮಾಡುವಂತಿಲ್ಲ. “ಫುಲ್ಲಿ-ಗೋಳಾದಾಗ ನನ್ನ ಸೋಲಸು ಮಗನ, ಆಮ್ಯಾಲ ಆಪರೇಷನ್ ಮಾತಾಡು” ಅಂದಿದ್ದಾರಲ್ಲ, ಇವತ್ತೇ ಆ ಕತ್ತರಿ-ಸೊನ್ನೆ ಆಟದಲ್ಲಿ ಸೋಲಿಸಿ.

ಅವರು ಕಲ್ಲಿನ ಕಟ್ಟೆಯ ಮೇಲೆ ಹರಡಿದ ರೊಟ್ಟಿ ಹಿಟ್ಟಿನಲ್ಲಿ ಒಂಬತ್ತು ಮನೆ ಬರೆದ ಕೂಡಲೇ ಮೊದಲ ಕತ್ತರಿ ಗುರುತು ನೀವೇ ಹಾಕಿ. ಹಿರಿಯರಿಗೆ ಮರ್ಯಾದೆ ನಾಳೆ ಕೊಡಬಹುದು. ಕಿಟಕಿ ಕಡೆಯ ಒಂದು ಮೂಲೆ ಹಿಡಿಯಿರಿ. ಅವರ ಸೊನ್ನೆ ಎಂದಿನಂತೆ ನಟ್ಟನಡುವೆ ಬೀಳುತ್ತದೆ. ಆಗ ಕಿಟಕಿ ಕಡೆಯದೇ ಇನ್ನೊಂದು ಮೂಲೆ ಹಿಡಿಯಿರಿ. ಅವೆರಡರ ನಡುವಿನ ಮನೆ ದಕ್ಷಿಣಕ್ಕಿದೆ. “ಯಮನ ದಿಕ್ಕಿಗೆ ನಾ ಕೈ ಹಚ್ಚಂಗಿಲ್ಲವಾ” ಎನ್ನುತ್ತಾ, ಸೋತರೂ ಅವರು ಅದನ್ನು ತಡೆಯುವುದಿಲ್ಲ. ಯಮನಿಗೆ ಕೈಮುಗಿದು ನೀವು ತುಂಬಿಬಿಡಿ. ಗೆದ್ದ ಮೇಲೆ ಹಲ್ಲು ಕಿಸಿಯಬೇಡಿ.

ನಿನ್ನೆ ನಾನೇ ಆಡಿದ್ದೆ. ಅವರ ಸೊನ್ನೆ ಗೆರೆ ದಾಟಿ ಬರೀ ಕಲ್ಲಿನ ಮೇಲೆ ಬಿತ್ತು, ಅವರಿಗೆ ತಿಳಿಯಲಿಲ್ಲ. ಅದು ಒಳಗೇ ಬಿದ್ದಿದೆ ಎಂಬಂತೆ ಆಡಿ ನಾನು ಬೇಕೆಂದೇ ಸೋತೆ. ನೀವು ಹಾಗೆ ಕರಗಬೇಡಿ.

ತಳೇಗಾಂವ ಲೋಕಲ್ ರೈಲಿಗೆ ಹೊತ್ತಾಯಿತು. ಓದಿದ ಮೇಲೆ ಚೀಟಿ ಹರಿದುಹಾಕಿ. ಹೊರಗೆ ಬಿದ್ದ ಆ ಸೊನ್ನೆಯ ಮಾತನ್ನು ನಾನಂತೂ ಇನ್ನು ಯಾರ ಮುಂದೆಯೂ ಎತ್ತುವುದಿಲ್ಲ.