ಕ್ಯಾಮೆರಾ ಮುಂದೆ ಕಟ್ಟಿದ ಜೋಳಿಗೆ

ನವೆಂಬರ್ 5, ಬುಧವಾರ. ಕೌದಳ್ಳಿ

ಗೂಡ್ಸ್ ಆಟೋ ಇವತ್ತೂ ತಳ್ಳಿದ ಮೇಲೆಯೇ ಸ್ಟಾರ್ಟ್ ಆಯಿತು. ಹನೂರಿಗೆ ಟೊಮೇಟೊ ಇಳಿಸಿ ಬಂದೆ. ಮಧ್ಯಾಹ್ನದಿಂದ ಪವಿತ್ರಕ್ಕನಿಗೆ ಊರು ತೋರಿಸುತ್ತ ಸುತ್ತಾಟ.

ಪವಿತ್ರಕ್ಕ ಯಳಂದೂರು ಕಡೆಯ ಹೊನ್ನೂರಿನವರು. ಮೈಸೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾರೆ. ವಿಷಯ — ಮಾದಪ್ಪನ ಗುಡ್ಡರ ದೀಕ್ಷೆ. ಕಂಸಾಳೆ ಹಿಡಿದು ಮಾದಪ್ಪನ ಕಥೆ ಹಾಡುತ್ತ ಮನೆಮನೆಗೆ ಭಿಕ್ಷೆಗೆ ಬರುತ್ತಾರಲ್ಲ, ಅವರಿಗೆ ಗುರು ಕೊಡುವ ದೀಕ್ಷೆ. ಅದರ ಮೇಲೆ ಪುಸ್ತಕವಾಗುವಷ್ಟು ಬರೆಯಲು ಏನಿದೆ ಅಂತ ಕೇಳಿದೆ.

"ಒಬ್ಬ ಹುಡುಗ ಬೆಳಿಗ್ಗೆ ಒಳಗೆ ಹೋಗ್ತಾನೆ. ಸಂಜೆ ಬೇರೆಯವನಾಗಿ ಆಚೆ ಬರ್ತಾನೆ. ಮಧ್ಯೆ ಏನಾಯ್ತು? ಅದೇ ನನ್ನ ಪ್ರಶ್ನೆ" ಅಂದರು.

"ಯಾಕೆ ಮಾಡ್ತೀರಿ ಅಂತ ಅವರನ್ನೇ ಕೇಳಿದ್ರಾಯ್ತು."

"ಕೇಳಿದ್ರೆ ನಮಗೋಸ್ಕರ ಒಂದು ಅರ್ಥ ಕಟ್ಟಿಕೊಡ್ತಾರೆ ಕಣೋ ಮಾದು. ಏನು ಮಾಡ್ತಾರೆ, ಅದನ್ನ ಮೊದಲು ನೋಡ್ಬೇಕು."

ಆಚರಣೆ ಜನರನ್ನು ಒಟ್ಟಿಗೆ ಹಿಡಿದಿಡುತ್ತದೆ ಅನ್ನುವ ಪಂಡಿತರು ಇದ್ದಾರಂತೆ. ಅದೂ ಭಾಷೆಯ ಹಾಗೆ, ಓದಬಹುದು ಅನ್ನುವವರೂ ಇದ್ದಾರಂತೆ. ಅದಕ್ಕೆ ಅರ್ಥವೇ ಇಲ್ಲ, ಮಾಡುವ ಕ್ರಮ ಮಾತ್ರ ಇದೆ ಅಂತ ಒಬ್ಬರು. ಆ ಕೊನೆಯವರು ನನಗೆ ಹಿಡಿಸಿದರು. ನಾನು ಪಿಯುಸಿ ಬಿಟ್ಟದ್ದೇ ಅದಕ್ಕೆ. ಅರ್ಥವಾಗದ್ದನ್ನು ಅರ್ಥವಾದ ಹಾಗೆ ಬರೆದು ಬರೆದು ಸಾಕಾಗಿತ್ತು.

ಆಮೇಲೆ ಬೇಕರಿ ಬಿಟ್ಟೆ. ಗ್ಯಾರೇಜು ಬಿಟ್ಟೆ. ಈ ಆಟೋವನ್ನೂ ಬಿಡುತ್ತೇನೆ. ಮಾರ್ಟಳ್ಳಿಯ ಮುತ್ತಯ್ಯ ತನ್ನ ಲಾರಿಗೆ ಕರೆದಿದ್ದಾನೆ. ಹದಿನೇಳಕ್ಕೆ ಹೊರಡುವುದು. ಈರೋಡು, ಸೇಲಂ, ಅದರಾಚೆ... ಅವ್ವನಿಗೆ ಹೇಳಿದೆ. "ನೀನು ಇಡಿದು ಬಿಡ್ದೇ ಇರೋದು ಅಂತ ಒಂದು ತೋರ್ಸು" ಅಂದಳು. 

ನವೆಂಬರ್ 7, ಶುಕ್ರವಾರ

ಚಿಕ್ಕಮಾದಪ್ಪ ತಾತನ ಮನೆಗೆ ಹೋದೆವು. ಹೊಲಗಳ ನಡುವೆ ಒಂಟಿ ಮನೆ. ಈ ಸೀಮೆಯಲ್ಲಿ ದೀಕ್ಷೆ ಕೊಡಬಲ್ಲ ಗುರು ಅವರೊಬ್ಬರೇ ಉಳಿದಿದ್ದಾರೆ. ಆದರೆ ದೀಕ್ಷೆ ಕೇಳಿ ಯಾರೂ ಬರುತ್ತಿಲ್ಲ. ಅವರ ಮಗ ಕುಮಾರಸ್ವಾಮಿಗೆ ಕಂಸಾಳೆ ತಂಡವಿದೆ. ಸ್ಟೇಜ್ ಪ್ರೋಗ್ರಾಂ, ಮಿಂಚುವ ಡ್ರೆಸ್ಸು. ಅವನೂ ದೀಕ್ಷೆ ತಗೊಂಡಿಲ್ಲ.

ಪವಿತ್ರಕ್ಕನ ಮುಖ ಬಾಡಿತು. ಕಣ್ಣಾರೆ ಒಂದು ದೀಕ್ಷೆಯನ್ನೂ ನೋಡದೆ ದೀಕ್ಷೆಯ ಮೇಲೆ ಥೀಸಿಸ್.

ಕುಮಾರಸ್ವಾಮಿಯೇ ದಾರಿ ತೋರಿಸಿದ. "ಅದ್ಕೇನಂತೆ, ಮಾಡಿ ತೋರ್ಸಿದ್ರಾಯ್ತು. ವೀಡಿಯೋ ಆಯ್ತದೆ. ಇವನ್ನೇ ಕೂರ್ಸಿ, ಎಂಗಿದ್ರೂ ಕೆಲ್ಸ ಇಲ್ಲ."

ತಾತ ನನ್ನನ್ನು ನೋಡಿದರು. 

"ಕುಂತ್ಕತೀಯೇನ್ಲಾ?"

"ಕೂತ್ಕತೀನಿ ತಾತ. ಆಕ್ಟಿಂಗ್ ತಾನೆ."

"ಸ್ವಾಮಾರ ಬಾ. ಭಾನ್ವಾರ ಒಪ್ಪತ್ತಿರು. ಮದ್ಲು ಭಿಕ್ಷ ನಿಮ್ಮವ್ವನೇ ನೀಡ್ಬೇಕು, ಏಳು ಅವ್ಳಿಗೆ."

ವೀಡಿಯೋಗೆ ಒಂದು ಹೊತ್ತಿನ ಊಟ ಯಾಕೆ ಬಿಡಬೇಕು ಅಂತ ಅನಿಸಿತು. ಕೇಳಲಿಲ್ಲ. ಕೇಳಬಾರದು ಅಂತ ಪವಿತ್ರಕ್ಕ ಹೇಳಿದ್ದರಲ್ಲ.

ನವೆಂಬರ್ 9, ಭಾನುವಾರ

ಅವ್ವ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಜ್ವರ ಬಂದರೂ ರಜೆ ಹಾಕುವವಳಲ್ಲ. ನಾಳೆಗೆ ಹಾಕಿದ್ದಾಳೆ.

"ವೀಡಿಯೋಗೆ ರಜೆ ಯಾಕವ್ವ? ಬರೀ ಆಕ್ಟಿಂಗು."

ಅವ್ವ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಮನೆಯ ಅನ್ನಕ್ಕೆ ಯಾವತ್ತೂ ಅಷ್ಟು ನಿಧಾನವಾಗಿ ಆರಿಸಿದ್ದು ನೋಡಿಲ್ಲ.

ನವೆಂಬರ್ 10, ಸೋಮವಾರ. ಸಂಜೆ

ಆಯಿತು. ಬರೆಯಲು ಆಗುತ್ತಿಲ್ಲ.

ನವೆಂಬರ್ 13, ಗುರುವಾರ

ಇವತ್ತು ಬರೆಯುತ್ತೇನೆ. ನಡೆದದ್ದು ನಡೆದ ಹಾಗೆ.

ಬೆಳಿಗ್ಗೆ ತಣ್ಣೀರ ಸ್ನಾನ. ಬಿಳಿ ಪಂಚೆ. ತಾತ ಹಣೆಗೆ, ತೋಳಿಗೆ, ಎದೆಗೆ ವಿಭೂತಿ ಬಳಿದರು. ಕೊರಳಿಗೆ ರುದ್ರಾಕ್ಷಿ. ಪವಿತ್ರಕ್ಕ ಕ್ಯಾಮೆರಾ ಹಿಡಿದು ಸುತ್ತುತ್ತಿದ್ದರು. ಕುಮಾರಸ್ವಾಮಿ ಗೋಡೆಗೆ ಒರಗಿ, "ಲೇ ಮಾದು, ಹೀರೋ ತರ ಕುಂತವ್ನೆ ನೋಡು" ಅಂದ. ನಾನೂ ನಕ್ಕೆ. ಅಲ್ಲಿಯ ತನಕ ಆಕ್ಟಿಂಗೇ. ಸುಳ್ಳು ಹೇಳಲ್ಲ.

ಆಮೇಲೆ ತಾತ ಒಂದು ಕರಿ ಕಂಬಳಿ ತಂದು ಇಬ್ಬರ ತಲೆಯ ಮೇಲೂ ಹೊದಿಸಿದರು.

ಒಳಗೆ ಕತ್ತಲೆ. ಕುರಿ ಉಣ್ಣೆಯ ವಾಸನೆ, ವಿಭೂತಿಯ ವಾಸನೆ, ತಾತನ ಬಾಯಿಂದ ಎಲೆಯಡಿಕೆ ವಾಸನೆ. ಹೊರಗೆ ಕುಮಾರಸ್ವಾಮಿ ಏನೋ ಅನ್ನುತ್ತಿದ್ದ, ಬೇರೆ ಊರಿನಿಂದ ಕೇಳಿಸಿದ ಹಾಗಿತ್ತು. ತಾತನ ಕೈ ನಡುಗುತ್ತಿತ್ತು. ನನ್ನ ತಲೆ ಹಿಡಿದು ಕಿವಿಗೆ ಬಾಯಿ ತಂದರು. ಹೇಳಿದರು.

ಏನು ಹೇಳಿದರು ಅಂತ ಇಲ್ಲೂ ಬರೆಯಲ್ಲ. ಉದ್ದವಿಲ್ಲ. ಕಷ್ಟದ ಮಾತೂ ಅಲ್ಲ. ಆದರೆ ಯಾರೂ ನನ್ನ ಕಿವಿಯಲ್ಲಿ ಅಷ್ಟು ಜೋಪಾನವಾಗಿ ಏನನ್ನೂ ಇಟ್ಟಿರಲಿಲ್ಲ.

ಕಂಬಳಿ ತೆಗೆದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಹೆಗಲಿಗೆ ಜೋಳಿಗೆ ಕಟ್ಟಿದರು. ಒಂದು ಕೈಗೆ ಬೆತ್ತ, ಒಂದು ಕೈಗೆ ಕಂಸಾಳೆ. ಕಂಚು ತಣ್ಣಗಿತ್ತು. ಕುಮಾರಸ್ವಾಮಿ ಗೋಡೆ ಬಿಟ್ಟು ನೆಟ್ಟಗೆ ನಿಂತಿದ್ದ. 

ನಮ್ಮ ಮನೆಗೆ ನಡೆದು ಹೋದೆವು. ಹೊಸ್ತಿಲು ದಾಟಬಾರದು, ಹೊರಗೇ ನಿಲ್ಲಬೇಕು. ನಿಂತೆ. ನಾನು ಹುಟ್ಟಿದ ಮನೆ, ಬೆಳಿಗ್ಗೆ ಚಪ್ಪಲಿ ಬಿಟ್ಟ ಬಾಗಿಲು — ಬೇರೆ ಯಾರದೋ ಮನೆಯ ಹಾಗೆ ಕಂಡಿತು. ಅವ್ವ ಮೊರ ಹಿಡಿದು ಬಂದಳು. ಮಾದು ಅನ್ನಲಿಲ್ಲ. ಅಕ್ಕಿಯನ್ನು ಜೋಳಿಗೆಗೆ ಸುರಿದಳು. ಮೊರ ಕೆಳಗಿಟ್ಟಳು. ಬಗ್ಗಿ ನನ್ನ ಕಾಲು ಮುಟ್ಟಿದಳು.

ನನ್ನ ಅವ್ವ. ನನ್ನ ಕಾಲು.

ಹಿಂದಕ್ಕೆ ಸರಿಯಬೇಕು ಅನಿಸಿತು. ಸರಿಯಲು ಆಗಲಿಲ್ಲ. ಅವಳು ಬಗ್ಗಿದ್ದು ನನಗಲ್ಲ, ಅದು ಗೊತ್ತಾಗುತ್ತಿತ್ತು. ಆದರೆ ಅಲ್ಲಿ ನಾನಲ್ಲದೆ ಬೇರೆ ಯಾರೂ ನಿಂತಿರಲಿಲ್ಲ.

ನವೆಂಬರ್ 14, ಶುಕ್ರವಾರ. ಹನೂರು

ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಪವಿತ್ರಕ್ಕ ಲ್ಯಾಪ್‌ಟಾಪ್ ತೆರೆದು ವೀಡಿಯೋ ತೋರಿಸಿದರು. ಕಂಬಳಿ ಬರುತ್ತದೆ, ಜೋಳಿಗೆ ಬರುತ್ತದೆ. ನಮ್ಮ ಮನೆ ಬಾಗಿಲು. ಅವ್ವ ಬಗ್ಗುತ್ತಾಳೆ. ಅಷ್ಟರಲ್ಲಿ ಚಿತ್ರವೇ ಕೆಳಕ್ಕೆ ಜಾರಿತು. ನೆಲ. ನನ್ನ ಪಾದ. ಚೆಲ್ಲಿದ ನಾಲ್ಕು ಅಕ್ಕಿಕಾಳು. ಆಮೇಲೆ ಮೇಲೆ ಬಂತು.

"ಏನಕ್ಕ ಇದು? ಕ್ಯಾಮೆರಾ ಬಿತ್ತಾ?"

ಪವಿತ್ರಕ್ಕ ಟೀ ಲೋಟ ತಿರುಗಿಸುತ್ತ ಕೂತರು. "ಬೀಳ್ಲಿಲ್ಲ. ನಾನೂ ಬಗ್ಗಿದೀನಿ."

"ಯಾಕೆ?"

"ಗೊತ್ತಿಲ್ಲ ಕಣೋ. ಬಗ್ಗಿದ್ದು ಗೊತ್ತೇ ಆಗ್ಲಿಲ್ಲ. ನಿನ್ನೆ ನೋಡ್ದಾಗ ಗೊತ್ತಾಯ್ತು. ನೋಡೋಳು ನಾನು, ಮಾಡೋಳಲ್ಲ ಅನ್ಕೊಂಡಿದ್ದೆ."

"ಕಟ್ ಮಾಡ್ಬಿಡಿ."

"ಮಾಡಲ್ಲ. ಅದನ್ನೂ ಬರೀತೀನಿ."

ಹಾಗಾದರೆ ಇದನ್ನು ಥೀಸಿಸ್‌ನಲ್ಲಿ ಏನಂತ ಕರೆಯುತ್ತೀರಿ ಅಂತ ಕೇಳಿದೆ. ಪ್ರಾತ್ಯಕ್ಷಿಕೆ ಅಂತಲೋ, ದೀಕ್ಷೆ ಅಂತಲೋ?

"ಅದನ್ನ ನೀನು ಹೇಳ್ಬೇಕು. ಕಂಬಳಿ ಒಳಗಿದ್ದೋನು ನೀನು. ನೀನು ಹೇಳಿದ್ದನ್ನೇ ಬರೀತೀನಿ."

ಜೀವನದಲ್ಲಿ ಮೊದಲ ಸಲ ಒಂದು ಪ್ರಶ್ನೆಗೆ ಉತ್ತರ ಗೊತ್ತಿರಬೇಕಿತ್ತು ಅನಿಸಿತು. ಸೋಮವಾರದ ತನಕ ಸಮಯ ಕೇಳಿದೆ. ತಾತ ಕಿವಿಯಲ್ಲಿ ಹೇಳಿದ್ದೇನು ಅಂತಲೂ ಪವಿತ್ರಕ್ಕ ಕೇಳಿದರು. ಹೇಳಲ್ಲ ಅಂದೆ. ಒಂದು ಕ್ಷಣ ಬೇಜಾರಾದರು. ಆಮೇಲೆ ಅದನ್ನೂ ಬರೆದುಕೊಂಡರು.

ನವೆಂಬರ್ 15, ಶನಿವಾರ

ತಾತನ ಹತ್ತಿರ ಹೋದೆ. ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನೇರವಾಗಿ ಕೇಳಿದೆ. "ತಾತ, ಅವತ್ತು ಮಾಡಿದ್ದು ಆಟವೋ ನಿಜವೋ?"

"ಆಟುದ್ ಮಂತ್ರ ಒಂದು, ನಿಜುದ್ ಮಂತ್ರ ಒಂದು ಅಂತ ನಮ್ಮಪ್ಪ ನಂಗೆ ಏಳ್ಕೊಡ್ನಿಲ್ಲ ಕಣ್ಲಾ. ಇರೋದು ಒಂದೇ. ಅದ್ನೇ ಏಳ್ದೆ."

"ವೀಡಿಯೋಗೆ ಅಂತ ತಾನೆ ನೀವು ಒಪ್ಪಿದ್ದು?"

"ಒಪ್ಪತ್ತಿರು ಅಂದೆ. ಸ್ವಾಮಾರನೇ ಬಾ ಅಂದೆ. ಅವಾಗ್ಲೂ ನಿನ್ ಬುರುಡೆಗೆ ಒಳೀನಿಲ್ವಾ?" ನಕ್ಕರು. ನನಗೆ ನಗು ಬರಲಿಲ್ಲ.

"ಈಗ ನಾನೇನು ಮಾಡ್ಲಿ?"

"ಸ್ವಾಮಾರ ಸ್ವಾಮಾರ ಭಿಕ್ಷ ಎತ್ತಿ ಆಮೇಕೆ ಉಣ್ಬೇಕು. ಒಂದ್ ಮನೆಯಾದ್ರೂ ಸರಿಯೇ. ಎಲ್ಲಿದ್ರೂವೆ ಸ್ವಾಮಾರ ಸ್ವಾಮಾರನೇ. ಬ್ಯಾಡ ಅಂದ್ರೆ ನಾಳೀಕೆ ಜೋಳ್ಗೆ ತಂದು ಒಳ್ಗೆ ಮಾದಪ್ಪನ ಗದ್ದುಗೆ ಮ್ಯಾಲೆ ಮಡಗು. ಯಾಕೆ ಅಂತ ನಾ ಕೇಳಕಿಲ್ಲ." ಕಾಳು ಮಡಿಲಿಗೆ ಹಾಕಿಕೊಂಡರು. "ಆಟ ಅಂತ ಮಾತ್ರ ಅನ್ಬ್ಯಾಡ. ನನ್ ಕೈ ನಡುಗ್ದುದ್ ನಿಂಗೆ ಗೊತ್ತದೆ."

ಗೊತ್ತಿದೆ. ಅದೇ ಕಷ್ಟ.

ನವೆಂಬರ್ 16, ಭಾನುವಾರ

ಜೋಳಿಗೆಯನ್ನು ಬ್ಯಾಗಿಗೆ ಹಾಕಿಕೊಂಡು ತಾತನ ಮನೆಗೆ ಹೊರಟೆ. ವಾಪಸ್ ಕೊಡಲೆಂದೇ. ನಾಳೆ ಲಾರಿ ಹತ್ತುವವನಿಗೆ ಇದು ಯಾಕೆ. ಅರ್ಧ ದಾರಿಗೆ ನಿಂತೆ. ತಿರುಗಿ ಬಂದೆ.

ಅವ್ವ ಒಲೆಯ ಮುಂದೆ ಇದ್ದಳು. ಕೇಳಿಯೇಬಿಟ್ಟೆ.

"ಸುಳ್ಳು ಅಂತ ಗೊತ್ತಿದ್ರೂ ಯಾಕವ್ವ ಕಾಲಿಗೆ ಬಿದ್ದೆ?"

"ಅಕ್ಕಿ ಸುಳ್ಳಾ?"

"ಅಲ್ಲ."

"ಜೋಳ್ಗೆ ಸುಳ್ಳಾ? ನಾ ಬಗ್ಗಿದ್ದು ಸುಳ್ಳಾ?" ಮುದ್ದೆ ತಿರುವುತ್ತಲೇ ಇದ್ದಳು. "ಇನ್ ಉಳ್ದಿದ್ದು ನೀನು. ನೀನು ಸುಳ್ಳಾದ್ರೆ ಅದು ನಿನ್ ಪಾಡು, ನನ್ನ ಕೇಳ್ಬ್ಯಾಡ."

ಮುದ್ದೆ ತಟ್ಟೆಗೆ ಹಾಕಿ, "ಆ ಅಕ್ಕಿನ ಬೇರೆ ಡಬ್ಬೀಲಿ ಮಡಗಿವ್ನಿ. ಬೇಯಿಸ್ನಿಲ್ಲ" ಅಂದಳು.

ನವೆಂಬರ್ 17, ಸೋಮವಾರ. ಬೆಳಿಗ್ಗೆ. ಗಡಿಯ ಆಚೆ, ಲಾರಿಯೊಳಗೆ

ಬೆಳಕು ಹರಿಯುವ ಮುಂಚೆ ಹೊರಟೆವು. ಬೋರ್ಡುಗಳೆಲ್ಲ ತಮಿಳಿಗೆ ತಿರುಗಿವೆ. ಒಂದು ಸಣ್ಣ ಊರಿನ ಹತ್ತಿರ ಟೈರ್ ಪಂಕ್ಚರ್. ಮುತ್ತಯ್ಯ ಜಾಕ್ ಹಾಕುತ್ತಿದ್ದಾನೆ. ಸಾಮಾನು ಇಳಿಸಿ ಕೊಟ್ಟೆ. ಸಾಕು, ಕೂತ್ಕೋ ಅಂದ. ಇಡ್ಲಿ ಪೊಟ್ಟಣ ಕೊಟ್ಟಿದ್ದಾನೆ. ಪಕ್ಕದಲ್ಲಿಯೇ ಇದೆ. ಬಿಚ್ಚಿಲ್ಲ.

ಇಲ್ಲಿ ತಾತ ಇಲ್ಲ. ಅವ್ವ ಇಲ್ಲ. ಕ್ಯಾಮೆರಾ ಇಲ್ಲ. ತಿಂದರೆ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಅದು ಆಟವೋ ನಿಜವೋ ಅಂತ ಇವತ್ತು ನನಗೆ ಗೊತ್ತಾಗುತ್ತದೆ.

ಎದುರಿಗೆ ಒಂದು ಮನೆ. ನೀಲಿ ಬಾಗಿಲು, ಮುಂದೆ ರಂಗೋಲಿ. ಕಂಸಾಳೆ ಹೊಡೆಯಲು ನನಗೆ ಬರುವುದಿಲ್ಲ. ಹಾಡಿನ ಒಂದು ಸಾಲೂ ನೆಟ್ಟಗೆ ಗೊತ್ತಿಲ್ಲ. ಅವರ ಭಾಷೆಯಲ್ಲಿ ಏನು ಕೇಳಬೇಕೋ ಅದೂ ಗೊತ್ತಿಲ್ಲ. ಹೊಸ್ತಿಲ ಹೊರಗೆ ನಿಲ್ಲುವುದು ಮಾತ್ರ ಬರುತ್ತದೆ.

ಜೋಳಿಗೆ ಹೆಗಲಿಗೆ ಹಾಕಿಕೊಂಡೆ. ಗಂಟು ನಾನೇ ಹಾಕಿದೆ, ತಾತ ಹಾಕಿದ ಹಾಗೆ ಬರಲಿಲ್ಲ.

"ಎಂಗೆ ತಂಬಿ ಪೋರೆ?" ಅಂತ ಕೇಳುತ್ತಿದ್ದಾನೆ ಮುತ್ತಯ್ಯ ಕೆಳಗಿನಿಂದ. ಎಲ್ಲಿಗೆ ಹೊರಟೆ ಅಂತ.

ಪವಿತ್ರಕ್ಕನಿಗೂ ಇನ್ನೂ ಉತ್ತರ ಹೇಳಿಲ್ಲ. ಆಟ ಅಂದರೆ ಸುಳ್ಳಾಗುತ್ತದೆ. ದೀಕ್ಷೆ ಅನ್ನಲು ಆ ಮನೆಯ ತನಕ ನಡೆಯಬೇಕು.

ನೀಲಿ ಬಾಗಿಲು ತೆರೆಯಿತು. ಯಾರೋ ಒಬ್ಬ ತಾಯಿ, ಕೈಯಲ್ಲಿ ಮೊರ —