ನೀರಿನ ಕಡೆಯಿಂದ ಕಂಡ ಬಾಗಿಲು

ಅಕ್ಟೋಬರ್ 9, ಗುರುವಾರ
ಬೆಳಗಿನ ಹತ್ತು ಗಂಟೆ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಮಂಡಿ ಎರಡನ್ನು ಬಿಟ್ಟರೆ ಉಳಿದ ನಾನು ಪೂರ್ತಿ ಚೆನ್ನಾಗಿದ್ದೇನೆ. ಭಾವನವರ ಕೆಮ್ಮು ಹೇಗಿದೆ? ಕಿಟಕಿ ತೆರೆದು ಮಲಗುವ ಚಟ ಬಿಟ್ಟರೋ ಇಲ್ಲವೋ? ನಿನ್ನ ಕಾಗದ ಬಂದು ನಾಲ್ಕು ತಿಂಗಳಾಯಿತು ಅಂತ ನನಗೆ ಗೊತ್ತು. ಪ್ರತಿ ಸೋಮವಾರ ಅದನ್ನು ಮೇಜಿನ ಮೇಲಿಂದ ಎತ್ತಿ, ಧೂಳು ಒರೆಸಿ, ಮತ್ತೆ ಅಲ್ಲೇ ಇಟ್ಟಿದ್ದೇನೆ. ಬೈಯಬೇಕಾದ್ದು ನ್ಯಾಯವೇ. ಆದರೆ ಪೂರ್ತಿ ಓದಿ ಮುಗಿಸಿ ಆಮೇಲೆ ಬೈಯಿ.

ಕೆಲಸ ಜಾಸ್ತಿ ಅಂತ ನೆಪ ಹೇಳೋಣವೆಂದರೆ ಹೋದ ತಿಂಗಳೇ ನಿವೃತ್ತಿಯಾಯಿತು. ನಿಜ ಏನೆಂದರೆ, ನೀನು ಕಾಗದದ ಜೊತೆ ಕಳಿಸಿದ ಆ ಪತ್ರಿಕೆಯ ತುಂಡು ನನ್ನ ಕೈ ಕಟ್ಟಿಹಾಕಿತು. ನಮ್ಮ ಊರಿನ ಬಗ್ಗೆ ಯಾರೋ ಪ್ರವಾಸಿ ಬರೆದ ಲೇಖನ, ಅದರಲ್ಲಿ ಗೋದಾಮು ಬೀದಿಯ ಕೊನೆಗಿರುವ ಮುಚ್ಚಿದ ಬಾಗಿಲಿನ ಕಥೆ. ದೂರ ಹೋಗಿದ್ದ ಅಕ್ಕ ದೋಣಿಯಲ್ಲಿ ಬಂದು ಸಮುದ್ರದ ಕಡೆಯ ಬಾಗಿಲು ಬಡಿದಳಂತೆ, ಒಳಗಿದ್ದ ತಂಗಿ ತೆಗೆಯಲಿಲ್ಲವಂತೆ, ಅಕ್ಕ ಬಂದ ದಾರಿಯಲ್ಲೇ ಹೋದಳಂತೆ, ತಂಗಿ ಆಮೇಲೆ ಆ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿದಳಂತೆ. ನೀನು ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದೆ: "ಹದಿನೆಂಟು ವರ್ಷ ಆ ಬೀದಿಯಲ್ಲೇ ಆಡಿ ಬೆಳೆದೆ, ಈ ಕಥೆ ಒಂದು ದಿನವೂ ಕೇಳಿಲ್ಲ. ನೀನಾದರೆ ಊರಿಗೆಲ್ಲ ಕಥೆ ಹೇಳುವವಳು. ಇದು ಎಲ್ಲಿಂದ ಬಂತು?"

ಕಾಗದದ ಕೊನೆಯಲ್ಲಿ ಇನ್ನೊಂದು ಮಾತು ಬರೆದಿದ್ದೆ. ಆ ಲೇಖನ ಓದಿದಾಗ ನಿನಗೆ, ಕಾಯಿಲೆಯ ಅಮ್ಮನನ್ನು ನೋಡಲು ನೀನು ಬಂದಿದ್ದ ಆ ಮಂಗಳವಾರ ನೆನಪಾಯಿತು, ಅವತ್ತು ನಾನು ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ, ನೀನು ವಾರ್ಡು ವಾರ್ಡು ಹುಡುಕಿ ರೈಲಿನ ಹೊತ್ತಾಯಿತೆಂದು ಹೊರಟುಹೋದೆ, ನೀನು ಮುಂಚೆ ಒಂದು ಸಾಲು ಬರೆದು ಬಂದಿದ್ದರೆ ಅಮ್ಮನ ಮುಖ ಕೊನೆಯ ಸಲ ನೋಡುತ್ತಿದ್ದೆ, ಇಪ್ಪತ್ತೆಂಟು ವರ್ಷವಾದರೂ ನಿನಗೆ ಅದೇ ಕೊರಗು ಅಂತ. ಅದಕ್ಕೆ ಏನು ಬರೆಯಬೇಕೋ ತಿಳಿಯದೆ ನಾಲ್ಕು ತಿಂಗಳು ಕಳೆದೆ. ಮೊದಲು ಬಾಗಿಲಿನ ವಿಷಯ ಹೇಳುತ್ತೇನೆ. ಹೋದ ಶನಿವಾರ ಅದನ್ನು ನೀರಿನ ಕಡೆಯಿಂದ ನೋಡಿ ಬಂದೆ.

ನಮ್ಮ ಆಫೀಸಿನವರು ಬೀಳ್ಕೊಡುಗೆಗೆ ಏನು ಕೊಟ್ಟರು ಹೇಳು? ದೋಣಿ. ಕೊಂಡು ಕೊಟ್ಟದ್ದಲ್ಲ, ಒಂದು ಸಂಜೆಯ ಮಟ್ಟಿಗೆ. ಇಡೀ ದೋಣಿಗೆ ನಾನೊಬ್ಬಳೇ ಯಜಮಾನಿ, ಸೂರ್ಯ ಮುಳುಗುವವರೆಗೆ ಹಳೆ ಊರಿನ ಉದ್ದಕ್ಕೂ ಸುತ್ತಾಟ. ಅವರು ಅದನ್ನು ತಮಾಷೆಗೆ ಕೊಟ್ಟದ್ದು. ನಿನಗೆ ಗೊತ್ತಿರಲಿಕ್ಕಿಲ್ಲ, ನಡೆಸಿಕೊಂಡು ಊರು ತೋರಿಸುವ ನಾವು ನೆಲದವರು, ದೋಣಿಯವರು ನೀರಿನವರು. ದೋಣಿ ಕಟ್ಟೆಯ ತುದಿಯಲ್ಲಿ ಒಂದು ಬಿಳಿ ಕಲ್ಲಿದೆ, ಅದೇ ನಮ್ಮ ಗಡಿ. ಗುಂಪನ್ನು ಅಲ್ಲಿಯವರೆಗೆ ತಂದು "ಮುಂದಿನದು ನೀರಿನವರ ಮಾತು" ಅಂತ ಹೇಳಿ ವಾಪಸು ತಿರುಗುತ್ತೇವೆ. ಅವರೂ ಹಾಗೇ, ಕಲ್ಲು ದಾಟಿ ಬೀದಿಯ ಬಗ್ಗೆ ತುಟಿ ಬಿಚ್ಚುವುದಿಲ್ಲ. ಯಾರು ಮಾಡಿದ ಕಾನೂನೋ ಯಾರಿಗೂ ತಿಳಿಯದು. ಹೀಗಾಗಿ ಮೂವತ್ತೊಂದು ವರ್ಷ ಈ ಊರನ್ನು ಬಾಯಿಪಾಠ ಒಪ್ಪಿಸಿದ ನಾನು ಅದರ ಮುಖವನ್ನು ಒಮ್ಮೆಯೂ ಎದುರಿನಿಂದ ನೋಡಿರಲಿಲ್ಲ.

ದೋಣಿಯವನಿಗೆ ಎಲ್ಲರೂ ಮೌನಿ ಅನ್ನುತ್ತಾರೆ, ಅವನು ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲದ ಕಾರಣ. ಮೂವತ್ತೈದರ ಆಸುಪಾಸಿನವನು. ನಾನು ಯಾರೆಂದು ಆಫೀಸಿನವರು ಅವನಿಗೆ ಹೇಳಿರಲಿಲ್ಲ, ನಾನೂ ಹೇಳಲಿಲ್ಲ. ಇಷ್ಟು ವರ್ಷ ನಾನು ಮಾತಾಡಿ ಜನ ಕೇಳಿದ್ದಾಯಿತು, ಒಂದು ಸಂಜೆ ಕಾಸು ಕೊಟ್ಟವರ ಕುರ್ಚಿಯಲ್ಲಿ ಕೂತು ಕೇಳೋಣ ಅನ್ನುವ ಆಸೆ. ಅವನು ನನಗೆ ಕಿತ್ತಳೆ ಬಣ್ಣದ ತೇಲು ಜಾಕೆಟ್ ತೊಡಿಸಿ, ದಾರ ಬಿಗಿದು, ನಿಂತು ನೋಡಿದ. ನಗು ತಡೆದುಕೊಂಡದ್ದು ನನಗೆ ಕಾಣಿಸಿತು.

ಅಕ್ಕ, ನೀರಿನಿಂದ ಊರು ಬೇರೆಯೇ. ಬೀದಿಯಲ್ಲಿ ಎದೆಯುಬ್ಬಿಸಿ ನಿಂತ ಕಟ್ಟಡಗಳೆಲ್ಲ ಆ ಕಡೆ ಬೆನ್ನಿಗೆ ತೇಪೆ ಹಾಕಿಕೊಂಡಿವೆ. ಸುಂಕದ ಕಟ್ಟೆಯ ಎದುರುಗಡೆ ಹನ್ನೆರಡು ಕಂಬ ಅಂತ ನಾನು ಎಣಿಸಿ ತೋರಿಸುತ್ತಿದ್ದೆನಲ್ಲ, ಹಿಂದೆ ಒಂದು ಕೊಳಾಯಿ ಪೈಪು ಮತ್ತು ಯಾರದೋ ಒಗೆದ ಹಾಸಿಗೆ ಬಟ್ಟೆ. ಗಡಿಯಾರದ ಗೋಪುರಕ್ಕೆ ಸಮುದ್ರದ ಕಡೆಯೂ ಒಂದು ಗಡಿಯಾರವಿದೆ! ಅದು ಬೀದಿಯದಕ್ಕಿಂತ ಏಳು ನಿಮಿಷ ಹಿಂದೆ. ಯಾಕೆ ಅಂತ ಕೇಳಿದರೆ ಮೌನಿ, ಮೀನುಗಾರರಿಗೆ ಸ್ವಲ್ಪ ಸಮಯ ಜಾಸ್ತಿ ಸಿಗಲಿ ಅಂತ ಹಾಗೆ ಇಟ್ಟದ್ದು ಅಂದ. ಅಪ್ಪಟ ಸುಳ್ಳು. ಆದರೆ ನಾನು ಹೇಳುವಂಥದೇ ಸುಳ್ಳು, ಅದೇ ಹದ, ಕೊನೆಯಲ್ಲಿ ಅದೇ ಬಿಡುವು. ಒಳಗೊಳಗೇ ಖುಷಿಯಾಯಿತು.

ಕೋಟೆಯ ಗೋಡೆಯಲ್ಲಿ ಕಬ್ಬಿಣದ ಬಳೆಗಳಿವೆ, ನೆನಪಿದೆಯೇ? ಮೇಲಿನಿಂದ ಬಗ್ಗಿದರೆ ಒಂದೇ ಸಾಲು ಕಾಣುತ್ತದೆ. ಅವಕ್ಕೆ ಕೈದಿಗಳನ್ನು ಕಟ್ಟುತ್ತಿದ್ದರು ಅಂತ ನಾವು ನೆಲದವರು ದನಿ ತಗ್ಗಿಸಿ ಹೇಳುತ್ತೇವೆ, ಮಕ್ಕಳು ಅಮ್ಮಂದಿರ ಕೈ ಹಿಡಿದುಕೊಳ್ಳುತ್ತವೆ. ದೋಣಿಯಿಂದ ನೋಡಿದರೆ ಮೂರು ಸಾಲು, ಒಂದರ ಕೆಳಗೊಂದು. ಸಮುದ್ರ ಉಕ್ಕಿ ಭರತ ಬಂದಾಗ ಮೇಲಿನದಕ್ಕೆ, ನೀರು ಇಳಿದಾಗ ಕೆಳಗಿನದಕ್ಕೆ ಹಡಗಿನ ಹಗ್ಗ ಕಟ್ಟಲು, ಅಷ್ಟೇ. ನಾನು ಎಷ್ಟು ಸಾವಿರ ಜನರನ್ನು ಹೆದರಿಸಿದ್ದೇನೋ ಅಂತ ನೆನೆದು ಒಬ್ಬಳೇ ನಕ್ಕೆ. ಮೌನಿ ತನ್ನ ಮಾತಿಗೇ ನಕ್ಕೆ ಅಂದುಕೊಂಡು ಇನ್ನೂ ಹುರುಪಾದ.

ಪ್ರಶ್ನೆ ಕೇಳುವುದು ಇಷ್ಟು ಸುಖ ಅಂತ ನನಗೆ ಗೊತ್ತೇ ಇರಲಿಲ್ಲ. ಗೋಡೆಯ ಬುಡ ಯಾಕೆ ಹಸಿರು, ಆ ಸಣ್ಣ ಕಿಂಡಿ ಯಾಕೆ, ಪಾರಿವಾಳಗಳೆಲ್ಲ ಒಂದೇ ಛಾವಣಿಯಲ್ಲಿ ಯಾಕೆ ಕೂರುತ್ತವೆ. ನಮಗೆ ಕೆಲಸ ಕಲಿಸಿದ ಮೇಷ್ಟ್ರು ಮೊದಲ ದಿನವೇ ಹೇಳಿದ್ದರು, ಗುಂಪಿನ ಎದುರು "ಗೊತ್ತಿಲ್ಲ" ಅನ್ನಬಾರದು, ಗೊತ್ತಿಲ್ಲದಿದ್ದರೆ ಯಾರೂ ಅಳೆದು ನೋಡಲಾಗದಂಥದ್ದು ಏನಾದರೂ ಹೇಳಬೇಕು ಅಂತ. ಅಂದಿನಿಂದ ನಾನು ಉತ್ತರಗಳಲ್ಲೇ ಬದುಕಿದ್ದೇನೆ.

ಸೂರ್ಯ ಇನ್ನೇನು ನೀರು ಮುಟ್ಟಬೇಕು ಅನ್ನುವಾಗ ಮೌನಿ ಎಂಜಿನ್ ನಿಲ್ಲಿಸಿದ. ಎದುರಿಗೆ ಗೋದಾಮು ಬೀದಿಯ ಹಿಂಬದಿ, ಅದರಲ್ಲಿ ಇಟ್ಟಿಗೆ ತುಂಬಿದ ಬಾಗಿಲು. ಬೆಳಕು ನೇರವಾಗಿ ಅದರ ಮೇಲೆ ಬಿದ್ದಿತ್ತು. ಎಲ್ಲಿ ನಿಲ್ಲಿಸಬೇಕು ಅನ್ನುವುದು ಅವನಿಗೆ ಕರಾರುವಾಕ್ಕಾಗಿ ಗೊತ್ತು.

ಬೀದಿಯಿಂದ ನೋಡಿದರೆ ಅದು ಸಾಮಾನ್ಯ ಬಾಗಿಲು, ನಮ್ಮ ಕಾಲಿನ ಮಟ್ಟಕ್ಕೇ ಹೊಸ್ತಿಲು. ನೀನೂ ಅದರ ಮೇಲೆ ಕೂತು ಕುಂಟೆಬಿಲ್ಲೆಯ ಸರದಿ ಕಾದವಳು. ಆಚೆ ಕಡೆ ಮೆಟ್ಟಿಲು ಇಳಿದು ನೀರಿಗೆ ಹೋಗುತ್ತದೆ ಅಂತಲೇ ನಾನು ನಂಬಿದ್ದೆ. ಅಕ್ಕ, ಆಚೆ ಮೆಟ್ಟಿಲೇ ಇಲ್ಲ. ಹೊಸ್ತಿಲು ನೀರಿನಿಂದ ಮೂರಾಳು ಎತ್ತರದಲ್ಲಿದೆ. ಮೇಲೆ ರಾಟೆ ಕಟ್ಟುವ ತೊಲೆ ಸಿಕ್ಕಿಸಿದ ತೂತು. ಅದು ಹಡಗಿನಿಂದ ಮೂಟೆ ಎಳೆದುಕೊಳ್ಳುವ ಬಾಗಿಲು, ಮನುಷ್ಯರು ಬರುವುದಲ್ಲ. ದೋಣಿಯಲ್ಲಿ ಬಂದ ಯಾವ ಅಕ್ಕನ ಕೈಯೂ ಅದನ್ನು ಮುಟ್ಟಲಾರದು. ನೆಲದಲ್ಲೇ ನಿಂತು ಸಮುದ್ರದ ಕಥೆ ಕಟ್ಟಿದವರು ಮಾತ್ರ ಮಾಡುವಂಥ ತಪ್ಪು.

ಮೌನಿ ಅದೇ ಕಥೆ ಶುರುಮಾಡಿದ. ತನ್ನ ಅಜ್ಜ ಹೇಳಿದ್ದು ಅಂದ. ಅಜ್ಜನಂತೆ! ನಾನು ಸುಮ್ಮನೆ ಕೇಳಿದೆ. ಅಕ್ಕನಿಗೆ ಅವನು ನೀಲಿ ಸೆರಗು ಕೊಟ್ಟಿದ್ದಾನೆ, ದೋಣಿಗೆ ಹರಿದ ಹಾಯಿ ಕೊಟ್ಟಿದ್ದಾನೆ, ಪರವಾಗಿಲ್ಲ, ಚೆನ್ನಾಗಿದೆ. ಇಷ್ಟು ಎತ್ತರದ ಬಾಗಿಲನ್ನು ಅವಳು ಹೇಗೆ ಬಡಿದಳಪ್ಪಾ ಅಂತ ಕೇಳಿದ್ದಕ್ಕೆ, ಕಥೆ ಕೇಳುವಾಗ ಯಾರಾದರೂ ಎತ್ತರ ಅಳೆಯುತ್ತಾರಾ ಅಂತ ನನ್ನನ್ನೇ ತಿರುಗಿ ಕೇಳಿದ. ಅಲ್ಲಿಯವರೆಗೂ ನಾನು ನಗುತ್ತಲೇ ಇದ್ದೆ.

ಆಮೇಲೆ ಅವನು ಹೇಳಿದ, "ಆ ತಂಗೀನ ಎಲ್ರೂ ಬೈತಾರೆ. ಪಾಪ, ಅವಳು ಮಹಡಿ ಮೇಲಿದ್ಲು. ಬಾಗ್ಲು ಬಡಿದಿದ್ದು ಅವಳಿಗೆ ಕೇಳಿಸ್ಲೇ ಇಲ್ಲ."

"ಕೇಳಿಸಿತ್ತು," ಅಂದೆ.

ಅವನು ನನ್ನ ಮುಖ ನೋಡಿದ. "ನಿಮಗ್ ಹೇಗೆ ಗೊತ್ತು?"

ನಾನು ನೆಲದವಳು, ಈ ಕಥೆ ನಾನೇ ಕಟ್ಟಿದ್ದು, ಬಾಗಿಲು ಯಾಕೆ ಮುಚ್ಚಿದ್ದಾರೆ ಅಂತ ಯಾರೋ ಕೇಳಿದಾಗ ಗೊತ್ತಿಲ್ಲ ಅನ್ನಲಾರದೆ ಬಾಯಿಗೆ ಬಂದದ್ದು ಹೇಳಿದೆ ಅಂತೆಲ್ಲ ತೊದಲಿದೆ. ಅವನು ನಂಬಲಿಲ್ಲ. ಬೇಸರವಾಗದ ಹಾಗೆ ತಲೆಯಾಡಿಸಿ, "ಇರಬಹುದು ಬಿಡಿ. ಆದ್ರೆ ದೋಣೀಲಿ ಬರೋರು ಸಂಜೆ ಖುಷಿಯಾಗಿರೋಕೆ ಬರ್ತಾರೆ. ಕೇಳಿಸ್ತು ಅಂದ್ರೆ ಆ ತಂಗೀನ ಇಟ್ಕೊಂಡು ನಾನೇನ್ ಮಾಡ್ಲಿ?" ಅಂದ. ಮತ್ತೆ ಎಂಜಿನ್ ಹಾಕಿದ. ದೋಣಿ ದಡದ ಕಡೆ ತಿರುಗಿತು.

ಜಾಕೆಟ್ಟಿನ ದಾರದ ಗಂಟು ನನ್ನಿಂದ ಬಿಚ್ಚಲಾಗಲಿಲ್ಲ, ಅವನೇ ಬಿಚ್ಚಿದ. ದೋಣಿ ಹೊಸದಲ್ಲವಾ ನಿಮಗೆ, ಸ್ವಲ್ಪ ಹೊತ್ತು ಕೂತು ಹೋಗಿ ಅಂತ ಟೀ ತರಿಸಿ ಕೊಟ್ಟ. ಒಳ್ಳೆಯ ಮನುಷ್ಯ. ಬಿಳಿ ಕಲ್ಲಿನ ಮೇಲೆ ಕೂತು ಕುಡಿದೆ. ಮನೆಗೆ ಬಂದು ಭಾನುವಾರವೆಲ್ಲ ಈ ಕಾಗದವನ್ನು ಮನಸ್ಸಿನಲ್ಲೇ ಬರೆದು ಹರಿದೆ.

ಹಾಗಾಗಿ ನಿನ್ನ ಪ್ರಶ್ನೆಗೆ ಉತ್ತರ ಇದು: ಕಥೆ ನಿನ್ನ ತಂಗಿಯದು. ಅಮ್ಮ ಹೋದ ಮರುವರ್ಷ ಕಟ್ಟಿದ್ದು. ಹಳೆ ಊರಿನಲ್ಲಿ ಅಂಥ ಅಕ್ಕತಂಗಿಯರು ಯಾರೂ ಇರಲಿಲ್ಲ. ಆಫೀಸಿಗೂ ಹೋಗಿ ಹೇಳಿ ಬಂದಿದ್ದೇನೆ. ಹೊಸದಾಗಿ ಸೇರಿದ ಹುಡುಗಿ ಮುಖ ಚಿಕ್ಕದು ಮಾಡಿಕೊಂಡು, "ಹಾಗಾದ್ರೆ ಅಲ್ಲಿ ನಾನು ಏನ್ ಹೇಳ್ಲಿ ಮೇಡಂ?" ಅಂತ ಕೇಳಿದಳು. ಮೂಟೆ ಎಳೆಯುತ್ತಿದ್ದರು ಅಂತ ಹೇಳು ಅಂದೆ. ಅವಳಿಗೆ ಅದು ಒಂಚೂರೂ ರುಚಿಸಲಿಲ್ಲ.

ನೀನು ಡಿಸೆಂಬರಿನಲ್ಲಿ ಬಂದು ಹದಿನೈದು ದಿನ ಇರುತ್ತೇನೆ ಅಂತ ಬರೆದಿದ್ದೀಯ. ಎರಡನೇ ಕೋಣೆ ಖಾಲಿ ಮಾಡಿಸಿ ಸುಣ್ಣ ಹೊಡೆಸಿದ್ದೇನೆ. ಹಾಸಿಗೆ ಗಟ್ಟಿಯದೇ, ನಿನ್ನ ಸೊಂಟಕ್ಕೆ ಒಗ್ಗುವಂಥದ್ದು. ಭಾವನವರಿಗೆ ನನ್ನ ನಮಸ್ಕಾರ, ಕಿಟಕಿ ಮುಚ್ಚಲು ಹೇಳು. ನಿನ್ನ ಮೊಮ್ಮಗಳಿಗೆ ಈ ಚಿಕ್ಕಜ್ಜಿಯ ತುಂಬು ಹರಕೆ. ಅವಳು ಓದಿ ದೊಡ್ಡವಳಾಗಲಿ, ಬೇಕಾದಷ್ಟು ಪ್ರಶ್ನೆ ಕೇಳಲಿ, ಯಾರೂ ಅವಳ ಬಾಯಿ ಮುಚ್ಚಿಸದಿರಲಿ. ನೂರು ವರ್ಷ ಸುಖವಾಗಿರಲಿ.

ನಿನ್ನ ಪ್ರೀತಿಯ
ತಂಗಿ

ಸಹಿ ಹಾಕಿ, ಲಕೋಟೆ ಅಂಟಿಸಿ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ.

ಅಕ್ಕ, ಆ ಮಂಗಳವಾರ ನಾವು ಆಸ್ಪತ್ರೆಗೆ ಹೋಗಿರಲಿಲ್ಲ. ಮನೆಯಲ್ಲೇ ಇದ್ದೆವು, ನಿನ್ನ ಊಹೆಯನ್ನು ನಾನು ತಿದ್ದಲಿಲ್ಲ ಅಷ್ಟೇ. ನೀನು ಬಾಗಿಲು ಬಡಿದದ್ದು ಮೂರು ಸಲ, ಆಮೇಲೆ ನನ್ನನ್ನು ಕೂಗಿದೆ. ನಾನು ಒಲೆಯ ಮುಂದೆ ಹಾಲು ಕಾಯಿಸುತ್ತಿದ್ದೆ. ಮೂರು ವರ್ಷ ಅಮ್ಮನ ಮೈ ಒರೆಸಿ, ಬಟ್ಟೆ ಬದಲಿಸಿ, ಪಕ್ಕದಲ್ಲಿ ಮಲಗಿದವಳು ನಾನು. ಅವಳು ಕಣ್ಣು ಬಿಟ್ಟಾಗಲೆಲ್ಲ ಕೇಳುತ್ತಿದ್ದದ್ದು ನಿನ್ನನ್ನು. ಒಂದಿಷ್ಟು ಹೊತ್ತು ಹೊರಗೆ ನಿಂತಿರಲಿ ಅನ್ನಿಸಿತು. ಹಾಲು ಉಕ್ಕುವಷ್ಟು ಹೊತ್ತು. ನಾನು ತೆಗೆದಾಗ ಮೆಟ್ಟಿಲು ಖಾಲಿಯಾಗಿತ್ತು. ನೀನು ಆಸ್ಪತ್ರೆಯ ಕಡೆ ಓಡಿದೆ ಅಂತ ಕೆಳಗಿನ ದರ್ಜಿ ಹೇಳಿದ. ಹಿಂದೆಯೇ ಓಡಬಹುದಿತ್ತು, ಓಡಲಿಲ್ಲ. ಹೇಗೂ ತಿರುಗಿ ಬರುತ್ತಾಳೆ ಅಂದುಕೊಂಡೆ. ನಿನಗೆ ಒಂದೇ ದಿನದ ರಜೆ ಅನ್ನುವುದು ನನಗೆ ಗೊತ್ತಿರಲಿಲ್ಲ. ನೀನು ಬರೆದು ಬಂದಿದ್ದರೂ ಅಷ್ಟೇ, ಬರೆಯದೆ ಬಂದದ್ದು ನಿನ್ನ ತಪ್ಪಲ್ಲ. ಇದನ್ನು ಓದಿದ ಮೇಲೆ ಡಿಸೆಂಬರಿನಲ್ಲಿ ಬರುವುದೂ ಬಿಡುವುದೂ ನಿನ್ನಿಷ್ಟ.

ಅಮ್ಮ ಎಚ್ಚರವಾಗಿದ್ದಳು. ನಿನ್ನ ದನಿ ಅವಳಿಗೆ ಗುರುತು ಸಿಕ್ಕಿತು. "ದೊಡ್ಡೋಳು ಬಂದ್ಲು, ಬಾಗ್ಲು ತೆಗಿಯೇ," ಅಂದಳು. ನಾನು "ಯಾರೂ ಇಲ್ಲಮ್ಮ, ಗಾಳಿ," ಅಂದೆ. ಆಮೇಲೆ ಅವಳು ನಾಲ್ಕು ದಿನ ಇದ್ದಳು. ಆ ನಾಲ್ಕು ದಿನ ನಿನ್ನನ್ನು ಒಂದು ಸಲವೂ ಕೇಳಲಿಲ್ಲ.